ಪೋಷಕ ಪಾತ್ರಗಳ ಒಲವು: ಅಮೆರಿಕದ ಕಾಮಿಕ್ಸ್ ಮತ್ತು ಸಂಪಾದಕರ ಮೇಜು

1

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಅಮೆರಿಕದ ಸೂಪರ್‌ಹೀರೋಗಳಿಗೆ ಏನು ಕೆಲಸ ಅಂತ ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ. ನಮ್ಮ ವಿಮರ್ಶೆ ಇಷ್ಟು ವರ್ಷ ಒಂದು ಕೆಲಸವನ್ನು ಶ್ರದ್ಧೆಯಿಂದ ಮಾಡಿಕೊಂಡು ಬಂದಿದೆ. ದಲಿತೇತರ ಲೇಖಕರ ಕೃತಿಗಳಲ್ಲಿ ನಮ್ಮವರು ಎಲ್ಲಿ ನಿಂತಿದ್ದಾರೆ, ಏನು ಮಾತಾಡಿದ್ದಾರೆ, ಯಾವಾಗ ಸತ್ತಿದ್ದಾರೆ ಎಂದು ಲೆಕ್ಕ ಹಾಕಿದೆ. ‘ಚೋಮನ ದುಡಿ’ಯ ಚೋಮನಿಂದ ‘ಸಂಸ್ಕಾರ’ದ ಬೆಳ್ಳಿಯವರೆಗೆ ಈ ಲೆಕ್ಕ ನಡೆದಿದೆ. ಆಗಲೇಬೇಕಿದ್ದ ಕೆಲಸ ಅದು. ಆದರೆ ಪಾತ್ರವನ್ನು ಲೇಖಕನೊಬ್ಬನೇ ಮಾಡುವುದಿಲ್ಲ. ಅಚ್ಚಿಗೆ ಹೋಗುವ ಮುನ್ನ ಅದು ಒಂದು ಮೇಜನ್ನು ಹಾದು ಹೋಗುತ್ತದೆ. ಅಲ್ಲಿ ಕೂತವರು ಇದಿರಲಿ, ಇದು ಬೇಡ, ಇದನ್ನು ಆಮೇಲೆ ನೋಡೋಣ ಎನ್ನುತ್ತಾರೆ. ಈ ಮಾತುಗಳು ಪುಸ್ತಕದಲ್ಲಿ ಅಚ್ಚಾಗುವುದಿಲ್ಲ. ಹಾಗಾಗಿ ವಿಮರ್ಶೆಯ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದ ಕಾಮಿಕ್ಸ್ ಚರಿತ್ರೆಯಲ್ಲಿ ಈ ಮೇಜು ಬರಿಗಣ್ಣಿಗೆ ಕಾಣುತ್ತದೆ. ಕಾರಣ ಸರಳ. ಅಲ್ಲಿ ನಾಯಕ ಬರೆದವನ ಸ್ವತ್ತಲ್ಲ, ಕಂಪೆನಿಯ ಸ್ವತ್ತು. ಜೆರ್ರಿ ಸೀಗಲ್, ಜೋ ಶೂಸ್ಟರ್ ಎಂಬ ಇಬ್ಬರು ಹುಡುಗರು 1938ರಲ್ಲಿ ಸೂಪರ್‌ಮ್ಯಾನ್‌ನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಅಂದಿನಿಂದ ಆ ನಾಯಕ ಯಾರನ್ನು ಪ್ರೀತಿಸಬೇಕು, ಮದುವೆಯಾಗಬೇಕೋ ಬೇಡವೋ, ಪಕ್ಕದಲ್ಲಿ ಯಾರು ನಿಲ್ಲಬೇಕು ಎಂಬುದೆಲ್ಲ ಕಛೇರಿಯಲ್ಲಿ ತೀರ್ಮಾನವಾಗತೊಡಗಿತು. ಬರೆಯುವವರು, ಬಿಡಿಸುವವರು ಬಂದು ಹೋಗುತ್ತಾರೆ. ಮೇಜು ಮಾತ್ರ ಅಲ್ಲೇ ಇರುತ್ತದೆ. ಕೆಲಸ ಬಿಟ್ಟು ಹೋದವರು ಮುಂದೆ ಸಂದರ್ಶನಗಳಲ್ಲಿ ಬಾಯಿ ಬಿಟ್ಟದ್ದರಿಂದ ಒಳಗೆ ಏನು ನಡೆಯಿತೆಂಬುದು ನಮಗೆ ಗೊತ್ತಾಗಿದೆ.

ಇನ್ನು ಪ್ರೇಮದ ವಿಚಾರವೇ ಯಾಕೆ? ಅದಕ್ಕೆ ಉತ್ತರ ಬಾಬಾಸಾಹೇಬರಲ್ಲಿದೆ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಒಂದು ಸೆಮಿನಾರಿನಲ್ಲಿ ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಜಾತಿಯ ಜೀವ ಇರುವುದು ಒಳಮದುವೆಯಲ್ಲಿ ಎಂಬುದು ಅದರ ತಿರುಳು. ಗುಂಪಿನ ಹೊರಗೆ ಹೆಣ್ಣುಗಂಡು ಕೂಡದಂತೆ ಕಾಯಬೇಕಾದರೆ ಒಳಗೆ ಜೋಡಿಯಿಲ್ಲದೆ ಉಳಿಯುವ ‘ಹೆಚ್ಚುವರಿ’ ಹೆಣ್ಣನ್ನು, ‘ಹೆಚ್ಚುವರಿ’ ಗಂಡನ್ನು ಏನಾದರೂ ಮಾಡಬೇಕಾಗುತ್ತದೆ. ಸತಿ, ವಿಧವೆಯ ಬಾಳು, ಬಾಲ್ಯವಿವಾಹ ಎಲ್ಲವೂ ಆ ಲೆಕ್ಕ ಸರಿದೂಗಿಸುವ ಉಪಾಯಗಳು ಎಂದು ಅವರು ತೋರಿಸಿದರು. 1936ರ ‘ಜಾತಿ ವಿನಾಶ’ದಲ್ಲಿ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದರು. ಅದಾದ ಎರಡು ವರ್ಷಕ್ಕೆ ಅದೇ ನ್ಯೂಯಾರ್ಕಿನಲ್ಲಿ ಸೂಪರ್‌ಮ್ಯಾನ್ ಅಚ್ಚಾದ. ಒಂದಕ್ಕೊಂದು ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಯಾರು ಯಾರನ್ನು ಪ್ರೀತಿಸಬಹುದು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಯಾವುದೇ ಸಮಾಜದ ಅಧಿಕಾರ ಎಲ್ಲಿ ಕೂತಿದೆ ಎಂಬುದು ಸಿಕ್ಕುತ್ತದೆ. ಈ ಪಾಠವನ್ನು ಕಲಿಸಿದವರು ಅವರೇ. ಆ ಪಾಠದಿಂದ ಕಾಮಿಕ್ಸನ್ನು ಓದಬಹುದು.

2

ಮೊದಲು ಬಿಳಿಯರ ಪ್ರೇಮವನ್ನೇ ನೋಡೋಣ. 1940ರಲ್ಲಿ ಸೀಗಲ್ ಒಂದು ಕಥೆ ಬರೆದ. ಅದರಲ್ಲಿ ಸೂಪರ್‌ಮ್ಯಾನ್ ತಾನೇ ಕ್ಲಾರ್ಕ್ ಕೆಂಟ್ ಎಂಬ ಗುಟ್ಟನ್ನು ಲೋಯಿಸ್ ಲೇನ್‌ಗೆ ಹೇಳಿಬಿಡುತ್ತಾನೆ. ಕಂಪೆನಿ ಅದನ್ನು ಅಚ್ಚು ಹಾಕಲಿಲ್ಲ. ಗುಟ್ಟು ರಟ್ಟಾದರೆ ಲೋಯಿಸ್ ಸಮಾನಳಾಗುತ್ತಾಳೆ. ಸಮಾನಳಾದರೆ ಪ್ರತಿ ತಿಂಗಳ ಆಟ ನಿಲ್ಲುತ್ತದೆ. ಹಾಗಾಗಿ ಅವಳು ಎದುರಿಗಿರುವ ಗಂಡಸನ್ನು ಗುರುತಿಸಲಾಗದ ಹೆಣ್ಣಾಗಿಯೇ ಐವತ್ತು ವರ್ಷ ಉಳಿದಳು. ಕೊನೆಗೆ 1990ರ ದಶಕದ ಆರಂಭದಲ್ಲಿ ಮದುವೆ ನಿಶ್ಚಯವಾಯಿತು. ಅಷ್ಟರಲ್ಲಿ ಅದೇ ಜೋಡಿಯ ಟಿ.ವಿ. ಧಾರಾವಾಹಿ ಶುರುವಾಗುವುದರಲ್ಲಿತ್ತು. ಎರಡೂ ಕಡೆ ಮದುವೆ ಒಟ್ಟಿಗೆ ಆಗಲಿ ಎಂದು ಕಾಮಿಕ್ಸಿನ ಮದುವೆಯನ್ನು ಮುಂದಕ್ಕೆ ಹಾಕಿದರು. ನಡುವೆ ಏನು ಬರೆಯೋದು? 1992ರಲ್ಲಿ ಸೂಪರ್‌ಮ್ಯಾನ್‌ನನ್ನು ಕೊಂದರು, ಆಮೇಲೆ ಬದುಕಿಸಿದರು, 1996ರಲ್ಲಿ ಮದುವೆ ಮಾಡಿಸಿದರು. ಇಡೀ ಜಗತ್ತು ಸುದ್ದಿ ಮಾಡಿದ ಸಾವಿನ ಹಿಂದೆ ಇದ್ದದ್ದು ಒಂದು ಮದುವೆಯ ದಿನಾಂಕ. 2011ರಲ್ಲಿ ಕಂಪೆನಿ ತನ್ನ ಪತ್ರಿಕೆಗಳನ್ನೆಲ್ಲ ಹೊಸದಾಗಿ ಆರಂಭಿಸಿದಾಗ ಆ ಮದುವೆ ಆಗಿಯೇ ಇರಲಿಲ್ಲವೆಂದು ಅಳಿಸಿಹಾಕಿತು.

ಸ್ಪೈಡರ್‌ಮ್ಯಾನ್‌ನ ಗ್ವೆನ್ ಸ್ಟೇಸಿಯ ಕಥೆ ಇನ್ನೂ ಕ್ರೂರ. ಪೀಟರ್ ಪಾರ್ಕರ್‌ನ ಪ್ರೇಮ ಬೆಳೆದು ಮದುವೆಯ ಅಂಚಿಗೆ ಬಂದಿತ್ತು. ಮದುವೆಯಾದರೆ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆ, ಬಿಟ್ಟುಬಿಟ್ಟರೆ ಓದುಗರು ಒಪ್ಪುವುದಿಲ್ಲ. ಮೇಜಿನ ಮುಂದೆ ಉಳಿದದ್ದು ಒಂದೇ ದಾರಿ. ಸಂಪಾದಕ ರಾಯ್ ಥಾಮಸ್, ಚಿತ್ರಕಾರ ಜಾನ್ ರೊಮಿಟಾ, ಲೇಖಕ ಗೆರ್ರಿ ಕಾನ್ವೇ ಇವರ ನಡುವೆ ಮಾತುಕತೆಯಾಗಿ 1973ರ ‘ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯಲ್ಲಿ ಗ್ವೆನ್ ಸೇತುವೆಯಿಂದ ಬಿದ್ದು ಸತ್ತಳು. ಬಾಬಾಸಾಹೇಬರ ಮಾತನ್ನು ಇಲ್ಲಿ ನೆನೆಯದೆ ಇರಲಾರೆ. ಸಂಪಾದಕರ ಲೆಕ್ಕದಲ್ಲಿ ಅವಳು ಹೆಚ್ಚುವರಿ ಹೆಣ್ಣು. ವ್ಯವಸ್ಥೆಗೆ ಭಂಗ ಬಾರದಂತೆ ಅವಳನ್ನು ವಿಲೇವಾರಿ ಮಾಡಲಾಯಿತು.

1987ರಲ್ಲಿ ಪೀಟರ್‌ಗೆ ಮೇರಿ ಜೇನ್ ಜತೆ ಮದುವೆಯಾಯಿತು. ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಜನರ ಮುಂದೆ ಆ ಮದುವೆಯ ನಾಟಕವನ್ನೂ ಆಡಿಸಿದರು. ಇಪ್ಪತ್ತು ವರ್ಷದ ನಂತರ, 2007ರಲ್ಲಿ, ಪ್ರಧಾನ ಸಂಪಾದಕ ಜೋ ಕೆಸಾಡಾನಿಗೆ ಮದುವೆಯಾದ ಸ್ಪೈಡರ್‌ಮ್ಯಾನ್ ಬೇಡವಾದ. ಸೈತಾನನ ಜತೆ ಒಪ್ಪಂದ ಮಾಡಿಸಿ ಆ ದಾಂಪತ್ಯವನ್ನೇ ನೆನಪಿನಿಂದ ತೊಡೆದರು. ಕಥೆ ಬರೆದ ಸ್ಟ್ರಾಜಿನ್ಸ್ಕಿಗೆ ಇದು ಒಪ್ಪಿಗೆಯಾಗಲಿಲ್ಲ. ಕೊನೆಯ ಭಾಗಗಳಿಂದ ತನ್ನ ಹೆಸರು ತೆಗೆಯಿರಿ ಎನ್ನುವ ಮಟ್ಟಿಗೆ ಹೋಯಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬಿಳಿಯ ನಾಯಕನ ಪ್ರೇಮದ ಬಗ್ಗೆ ಆ ಮೇಜಿನಲ್ಲಿ ಎಷ್ಟು ದಶಕ ತಲೆ ಕೆಡಿಸಿಕೊಂಡಿದ್ದಾರೆ ನೋಡಿ. ಕಟ್ಟುತ್ತಾರೆ, ಕೆಡವುತ್ತಾರೆ, ಮತ್ತೆ ಕಟ್ಟುತ್ತಾರೆ. ಅನ್ಯಾಯವೂ ಅಲ್ಲಿ ಗಮನದ ಒಂದು ರೂಪವೇ. ಆ ಗಮನ ಕಪ್ಪು ಜನರ ಪಾತ್ರಗಳಿಗೆ ಸಿಕ್ಕಿತೇ?

3

ಸಿಕ್ಕಲಿಲ್ಲ. ಅವರ ವಿಷಯದಲ್ಲಿ ಮೇಜು ಮೊದಲು ತೀರ್ಮಾನಿಸಬೇಕಾಗಿದ್ದದ್ದು ಅವರ ಮುಖ ಕಾಣಬೇಕೋ ಬೇಡವೋ ಎಂಬುದನ್ನು.

1953ರಲ್ಲಿ ಇ.ಸಿ. ಎಂಬ ಸಣ್ಣ ಕಂಪೆನಿ ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆ ಪ್ರಕಟಿಸಿತು. ಅಲ್ ಫೆಲ್ಡ್‌ಸ್ಟೀನ್ ಬರೆದದ್ದು, ಜೋ ಒರ್ಲಾಂಡೊ ಬಿಡಿಸಿದ್ದು. ಭೂಮಿಯಿಂದ ಒಬ್ಬ ತಪಾಸಣಾಧಿಕಾರಿ ಯಂತ್ರಮಾನವರ ಗ್ರಹಕ್ಕೆ ಹೋಗುತ್ತಾನೆ. ಅಲ್ಲಿ ಕಿತ್ತಳೆ ಬಣ್ಣದವರು, ನೀಲಿ ಬಣ್ಣದವರು ಎಂದು ಎರಡು ಗುಂಪು. ಒಳಗಿನ ಭಾಗಗಳೆಲ್ಲ ಒಂದೇ, ಹೊರಗಿನ ತಗಡಿನ ಬಣ್ಣ ಮಾತ್ರ ಬೇರೆ. ನೀಲಿಯವರ ವಾಸ ಊರಿನ ಬೇರೆಯದೇ ಭಾಗದಲ್ಲಿ. ನೀವು ಇನ್ನೂ ನಮ್ಮ ಒಕ್ಕೂಟ ಸೇರುವಷ್ಟು ಬೆಳೆದಿಲ್ಲ ಎಂದು ಹೇಳಿ ಅವನು ವಾಪಸ್ಸು ಹೊರಡುತ್ತಾನೆ. ಕೊನೆಯ ಚೌಕದಲ್ಲಿ ಶಿರಸ್ತ್ರಾಣ ತೆಗೆಯುತ್ತಾನೆ. ಅವನು ಕಪ್ಪು ಮನುಷ್ಯ.

1954ರಲ್ಲಿ ಪ್ರಕಾಶಕರೆಲ್ಲ ಸೇರಿ ಕಾಮಿಕ್ಸ್ ಕೋಡ್ ಎಂಬ ಸ್ವಯಂ ಸೆನ್ಸಾರ್ ಮಾಡಿಕೊಂಡರು. ಪ್ರೇಮಕಥೆಗಳು ಮನೆಯ ಮೌಲ್ಯವನ್ನು, ಮದುವೆಯ ಪಾವಿತ್ರ್ಯವನ್ನು ಎತ್ತಿ ಹಿಡಿಯಬೇಕು ಎಂದು ಅದರಲ್ಲಿತ್ತು. ಯಾವುದೇ ಧರ್ಮವನ್ನು, ಜನಾಂಗವನ್ನು ಗೇಲಿ ಮಾಡಕೂಡದು ಎಂದೂ ಇತ್ತು. ಓದಲು ಬಲು ಚೆಂದ. ಒಂದೆರಡು ವರ್ಷದಲ್ಲಿ ಇ.ಸಿ. ತನ್ನ ಹಳೆಯ ಕಥೆಯನ್ನು ಮತ್ತೆ ಅಚ್ಚು ಮಾಡಲು ಹೊರಟಾಗ ಕೋಡಿನ ಅಧಿಕಾರಿ, ನ್ಯಾಯಾಧೀಶನಾಗಿದ್ದ ಚಾರ್ಲ್ಸ್ ಮರ್ಫಿ, ಆ ಕೊನೆಯ ಚೌಕದ ಮನುಷ್ಯ ಕಪ್ಪಗಿರಬಾರದು ಎಂದ. ಪ್ರಕಾಶಕ ಬಿಲ್ ಗೇನ್ಸ್ ಜಗಳಕ್ಕೆ ನಿಂತ. ಹಾಗಾದರೆ ಅವನ ಚರ್ಮದ ಮೇಲಿನ ಬೆವರ ಹನಿಗಳನ್ನಾದರೂ ತೆಗೆಯಿರಿ ಎಂಬಲ್ಲಿಗೆ ಚೌಕಾಸಿ ಇಳಿಯಿತು. ಗೇನ್ಸ್ ಅದಕ್ಕೂ ಒಪ್ಪದೆ, ವಿಷಯವನ್ನು ಪತ್ರಿಕೆಗಳ ಮುಂದಿಡುತ್ತೇನೆಂದು ಹೆದರಿಸಿ, ಇದ್ದದ್ದನ್ನು ಇದ್ದಂತೆ ಅಚ್ಚು ಹಾಕಿದ. ಆ ಕಂಪೆನಿಯ ಬಣ್ಣದ ಕಾಮಿಕ್ಸ್ ಪುಸ್ತಕಗಳಲ್ಲಿ ಅದೇ ಕೊನೆಯದಾಯಿತು. ದುಡಿಯುವ ಮೈಯ ಬೆವರನ್ನು ನೋಡಲಾಗದ ಕಣ್ಣುಗಳು ನಮಗೆ ಹೊಸವಲ್ಲ.

1963ರಲ್ಲಿ ಮಾರ್ವೆಲ್ ಕಂಪೆನಿಯ ಯುದ್ಧಕಥೆಯಲ್ಲಿ ಗೇಬ್ ಜೋನ್ಸ್ ಎಂಬ ಕಪ್ಪು ಸೈನಿಕ ಬಂದ. ಮೊದಲ ಸಂಚಿಕೆಯ ಬಣ್ಣದ ಕೆಲಸದಲ್ಲಿ ಅವನು ಬೆಳ್ಳಗಾಗಿಬಿಟ್ಟ. ಕಪ್ಪು ಮನುಷ್ಯ ಇಲ್ಲಿ ಇರಲಾರ, ಇದು ಕೈತಪ್ಪು ಎಂದು ಅಚ್ಚುಮನೆಯ ರೂಢಿಯೇ ತೀರ್ಮಾನಿಸಿತು. 1966ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕಿರ್ಬಿ ಸೇರಿ ಬ್ಲ್ಯಾಕ್ ಪ್ಯಾಂಥರ್‌ನನ್ನು ತಂದರು. ವಕಾಂಡ ಎಂಬ ಆಫ್ರಿಕದ ಶ್ರೀಮಂತ ರಾಜ್ಯದ ದೊರೆ ಅವನು. ಕಿರ್ಬಿ ಬಿಡಿಸಿದ ಮೊದಲ ರಕ್ಷಾಪುಟದಲ್ಲಿ ಮುಖದ ಕೆಳಭಾಗ ತೆರೆದಿತ್ತು, ಚರ್ಮ ಕಾಣುತ್ತಿತ್ತು. ಅಚ್ಚಾದ ರಕ್ಷಾಪುಟದಲ್ಲಿ ಮುಖವಾಡ ಪೂರ್ತಿ ಮುಚ್ಚಿಕೊಂಡಿತು. ಅಂಗಡಿಯಲ್ಲಿ ನಿಂತು ನೋಡಿದವನಿಗೆ ಅವನ ಬಣ್ಣ ತಿಳಿಯುವಂತಿರಲಿಲ್ಲ.

1967ರಲ್ಲಿ ಸ್ಪೈಡರ್‌ಮ್ಯಾನ್ ಕಥೆಗಳಿಗೆ ರಾಬಿ ರಾಬರ್ಟ್‌ಸನ್ ಬಂದ. ದಿನಪತ್ರಿಕೆಯ ಸಂಪಾದಕ ವರ್ಗದವನು, ಗಂಭೀರ, ನ್ಯಾಯವಂತ, ಸಿಡುಕ ಯಜಮಾನನ್ನು ತಣ್ಣಗೆ ಮಾಡುವವನು. ಒಳ್ಳೆಯ ಪಾತ್ರ, ಅದನ್ನು ಅಲ್ಲಗಳೆಯುವುದು ಬೇಡ. ಆದರೆ ಗಮನಿಸಿ: ಕಥೆಯೊಳಗಿನ ಪತ್ರಿಕಾ ಕಛೇರಿಯಲ್ಲಿ ಕಪ್ಪು ಸಂಪಾದಕನಿದ್ದ, ಆ ಕಥೆಯನ್ನು ಮಾಡುತ್ತಿದ್ದ ಕಛೇರಿಯಲ್ಲಿ ಇರಲಿಲ್ಲ. ಜಿಮ್ ಔಸ್ಲಿ, ಮುಂದೆ ಕ್ರಿಸ್ಟೋಫರ್ ಪ್ರೀಸ್ಟ್ ಎಂದು ಹೆಸರು ಬದಲಿಸಿಕೊಂಡವನು, ಮಾರ್ವೆಲ್‌ನಲ್ಲಿ ಸಂಪಾದಕನಾದದ್ದು 1980ರ ದಶಕದಲ್ಲಿ.

ನಮ್ಮ ಭಾಷೆಯಲ್ಲಿ ಇಂಥವರಿಗೆ ‘ಪೋಷಕ ಪಾತ್ರ’ ಅಂತೀವಿ. ಆ ಮಾತು ಬಹಳ ನಿಜ ಹೇಳುತ್ತದೆ. ಪೋಷಕ ಅಂದರೆ ಪೋಷಿಸುವವನು. ನಾಯಕನ ಒಳ್ಳೆಯತನಕ್ಕೆ ಗೊಬ್ಬರ ಹಾಕುವುದು, ನೀರು ಹಾಯಿಸುವುದು ಅವನ ಕೆಲಸ. ಫಲ ಅವನ ಹೊಲದಲ್ಲಿ ಬಿಡುವುದಿಲ್ಲ.

4

ಈ ಹೊತ್ತಿಗೆ ಅಮೆರಿಕದ ಕಾನೂನು ಎಲ್ಲಿತ್ತು ಎಂಬುದನ್ನೂ ನೆನಪಿಡಬೇಕು. ಬಿಳಿಯರು, ಕಪ್ಪು ಜನ ಮದುವೆಯಾಗಕೂಡದು ಎಂಬ ಕಾನೂನು 1967ರವರೆಗೆ 16 ರಾಜ್ಯಗಳಲ್ಲಿ ಜಾರಿಯಲ್ಲಿತ್ತು. ಲವಿಂಗ್ ಎಂಬ ದಂಪತಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ಕೋರ್ಟು ಒಪ್ಪಿತು ಎಂದು ಮೇಜು ಒಪ್ಪಬೇಕಲ್ಲ.

1970ರ ನವೆಂಬರ್ ತಾರೀಖಿನ ‘ಲೋಯಿಸ್ ಲೇನ್’ 106ನೇ ಸಂಚಿಕೆ ಇದಕ್ಕೆ ಸಾಕ್ಷಿ. ಲೋಯಿಸ್ ಕಪ್ಪು ಜನರ ಬಡಾವಣೆಗೆ ವರದಿಗೆಂದು ಹೋದಾಗ ಯಾರೂ ಅವಳ ಜತೆ ಮಾತಾಡುವುದಿಲ್ಲ. ಆಗ ಸೂಪರ್‌ಮ್ಯಾನ್‌ನ ಯಂತ್ರದಲ್ಲಿ ಕೂತು 24 ಗಂಟೆಯ ಮಟ್ಟಿಗೆ ಕಪ್ಪು ಹೆಣ್ಣಾಗುತ್ತಾಳೆ. ಟ್ಯಾಕ್ಸಿಯವನು ನಿಲ್ಲಿಸುವುದಿಲ್ಲ, ಬಡವರ ಮನೆಯವರು ಒಳಗೆ ಕರೆಯುತ್ತಾರೆ. ಅವಳಿಗೆ ಒಂದು ಪ್ರಶ್ನೆ ಹುಟ್ಟುತ್ತದೆ. ನಾನು ಹೀಗೇ ಉಳಿದರೆ ನನ್ನನ್ನು ಮದುವೆಯಾಗುತ್ತೀಯಾ ಎಂದು ಸೂಪರ್‌ಮ್ಯಾನ್‌ನನ್ನು ಕೇಳಿಯೇಬಿಡುತ್ತಾಳೆ. ಅವನು ನೇರ ಉತ್ತರ ಕೊಡುವುದಿಲ್ಲ. ಅಷ್ಟರಲ್ಲಿ ಗಡುವು ಮುಗಿದು ಅವಳು ಮತ್ತೆ ಬೆಳ್ಳಗಾಗುತ್ತಾಳೆ. ಈ ಕಥೆಯನ್ನು ಈಗ ಎಲ್ಲರೂ ನಗುತ್ತಾರೆ. ನಾನು ನಗಲಾರೆ. ಬೆಟ್ಟ ಎತ್ತಬಲ್ಲವನಿಗೆ ಒಂದು ‘ಹೂಂ’ ಅನ್ನಲಾಗಲಿಲ್ಲ. ಆ ಪ್ರಶ್ನೆಯನ್ನು ಕೇಳಲು ಒಬ್ಬ ನಿಜವಾದ ಕಪ್ಪು ಹೆಣ್ಣನ್ನು ಕಥೆಯೊಳಗೆ ಕರೆಯಲೂ ಆಗಲಿಲ್ಲ. ಅನುಕಂಪಕ್ಕೆ ಒಂದು ದಿನದ ಗಡುವಿತ್ತು.

ಇದೇ ಡಿ.ಸಿ. ಕಂಪೆನಿಯಲ್ಲಿ ಮೂವತ್ತನೆಯ ಶತಮಾನದ ಹುಡುಗ-ಹುಡುಗಿಯರ ‘ಲೀಜನ್’ ಎಂಬ ಕಥಾಮಾಲೆಯಿತ್ತು. ನೀಲಿ ಚರ್ಮದವರು, ಹಸಿರು ಚರ್ಮದವರು ಎಲ್ಲರೂ ಅದರಲ್ಲಿದ್ದರು, ತಮ್ಮ ತಮ್ಮಲ್ಲೇ ಪ್ರೇಮಿಸುತ್ತಿದ್ದರು. ಕಪ್ಪು ಜನ ಮಾತ್ರ ಇರಲಿಲ್ಲ. 1975ರಲ್ಲಿ ಚಿತ್ರಕಾರ ಮೈಕ್ ಗ್ರೆಲ್ ಒಬ್ಬ ಪೊಲೀಸ್ ಅಧಿಕಾರಿಯನ್ನು ಕಪ್ಪು ಮನುಷ್ಯನೆಂದೇ ಬಿಡಿಸಿದ. ಸಂಪಾದಕ ಮರ್ರಿ ಬೋಲ್ಟಿನಾಫ್ ಬೇಡವೆಂದ. ಮೂಗು ತುಟಿ ಹಾಗೇ ಉಳಿದು ಚರ್ಮಕ್ಕೆ ಮಾತ್ರ ಬಿಳಿಯರ ಬಣ್ಣ ಬಿತ್ತು. ಮರುವರ್ಷ ಟೈರಾಕ್ ಎಂಬ ಕಪ್ಪು ನಾಯಕನನ್ನು ತಂದರು. ಇಷ್ಟು ದಿನ ಇವರೆಲ್ಲ ಎಲ್ಲಿದ್ದರು ಎಂಬುದಕ್ಕೆ ಕಥೆ ಕೊಟ್ಟ ಉತ್ತರ: ಕಪ್ಪು ಜನರೆಲ್ಲ ತಾವಾಗಿಯೇ ಬೇರೆಯಾಗಿ ಒಂದು ದ್ವೀಪದಲ್ಲಿ ವಾಸವಾಗಿದ್ದರು. ಮೂವತ್ತನೆಯ ಶತಮಾನದಲ್ಲೂ ಊರ ಹೊರಗೊಂದು ಕೇರಿ! ಅದೂ ಕೇರಿಯವರೇ ಬಯಸಿ ಕಟ್ಟಿಕೊಂಡದ್ದಂತೆ. ಈ ವಾದವನ್ನು ನಮ್ಮೂರುಗಳಲ್ಲಿ ಕೇಳದವರು ಯಾರಿದ್ದೀರಿ? ಗ್ರೆಲ್ ತಾನು ಬಿಡಿಸಿದ ಆ ಕಥೆಯ ಬಗ್ಗೆ ಮುಂದೆ ಬಹಿರಂಗವಾಗಿಯೇ ಅಸಹ್ಯಪಟ್ಟುಕೊಂಡ.

ಮಾರ್ವೆಲ್‌ನಲ್ಲಿ ಡಾನ್ ಮೆಕ್‌ಗ್ರೆಗರ್ ಎಂಬ ಬಿಳಿಯ ಲೇಖಕ 1973ರಿಂದ ಬ್ಲ್ಯಾಕ್ ಪ್ಯಾಂಥರ್ ಕಥೆಗಳನ್ನು ‘ಜಂಗಲ್ ಆಕ್ಷನ್’ ಎಂಬ ಸಣ್ಣ ಪತ್ರಿಕೆಯಲ್ಲಿ ಬರೆಯತೊಡಗಿದ. ಅವನ ವಕಾಂಡದಲ್ಲಿ ಬಹುತೇಕ ಎಲ್ಲರೂ ಕಪ್ಪು ಜನ: ಒಳ್ಳೆಯವರು, ಕೆಟ್ಟವರು, ರೈತರು, ಹೆಂಡಿರು ಮಕ್ಕಳು. ಚಿತ್ರ ಬಿಡಿಸಿದವರಲ್ಲಿ ಬಿಲ್ಲಿ ಗ್ರಹಾಂ ಎಂಬ ಕಪ್ಪು ಕಲಾವಿದನೂ ಇದ್ದ. ಪೋಷಕ ಪಾತ್ರಗಳಿಗೆ ಮೊದಲ ಬಾರಿಗೆ ಮನೆ, ಒಲೆ, ಸಂಸಾರ, ಸಂಕಟ ಸಿಕ್ಕಿತು. ಬಿಳಿಯರು ಎಲ್ಲಿ ಎಂದು ಕಛೇರಿಯವರು ಕೇಳುತ್ತಿದ್ದರೆಂದು ಮೆಕ್‌ಗ್ರೆಗರ್ ಅನೇಕ ಸಲ ಹೇಳಿಕೊಂಡಿದ್ದಾನೆ. ಮುಂದೆ ಅವನು ಕು ಕ್ಲಕ್ಸ್ ಕ್ಲಾನನ್ನು ನೇರವಾಗಿ ಎದುರಿಸುವ ಕಥೆ ಎತ್ತಿಕೊಂಡ. ಅದು ಮುಗಿಯುವ ಮೊದಲೇ 1976ರಲ್ಲಿ 24ನೇ ಸಂಚಿಕೆಗೆ ಪತ್ರಿಕೆ ನಿಂತಿತು.

ಇದೇ ಮೆಕ್‌ಗ್ರೆಗರ್, ಚಿತ್ರಕಾರ ಕ್ರೇಗ್ ರಸೆಲ್ ಜತೆ, 1975ರ ‘ಅಮೇಜಿಂಗ್ ಅಡ್ವೆಂಚರ್ಸ್’ 31ನೇ ಸಂಚಿಕೆಯಲ್ಲಿ ಒಬ್ಬ ಕಪ್ಪು ಗಂಡಸು, ಒಬ್ಬಳು ಬಿಳಿಯ ಹೆಂಗಸು ಮುತ್ತಿಡುವುದನ್ನು ತೋರಿಸಿದ. ಬಣ್ಣದ ಮುಖ್ಯವಾಹಿನಿ ಕಾಮಿಕ್ಸ್‌ನಲ್ಲಿ ಅಂಥ ಮೊದಲ ಮುತ್ತೆಂದು ಅದು ಹೆಸರಾಗಿದೆ. ಅದು ನಡೆದ ಜಾಗ ನೋಡಿ: ಸಣ್ಣ ಪತ್ರಿಕೆ, ಮಂಗಳಗ್ರಹದವರು ಭೂಮಿಯನ್ನು ಹಾಳುಗೆಡವಿದ ಮೇಲಿನ ಕಾಲ, ನಾಯಕನಲ್ಲದ ಇಬ್ಬರು. ಲೋಕವೇ ಮುಳುಗಿಹೋದ ಮೇಲೆ, ಪಕ್ಕದಲ್ಲಿ ನಿಂತವರಿಗೆ ಒಂದು ಮುತ್ತು. ಅಷ್ಟಾದರೂ ಮೇಜನ್ನು ದಾಟಿತು ಎಂಬುದೇ ಸಮಾಧಾನ.

5

ಹಾಗಾದರೆ ಮೇಜನ್ನೇ ನಮ್ಮದು ಮಾಡಿಕೊಂಡರೆ? 1993ರಲ್ಲಿ ಡ್ವೇಯ್ನ್ ಮೆಕ್‌ಡಫಿ, ಡೆನಿಸ್ ಕೋವನ್, ಮೈಕೆಲ್ ಡೇವಿಸ್, ಡೆರೆಕ್ ಡಿಂಗಲ್ ಎಂಬ ಕಪ್ಪು ಕಲಾವಿದರು, ಉದ್ಯಮಿಗಳು ಮೈಲ್‌ಸ್ಟೋನ್ ಎಂಬ ಸಂಸ್ಥೆ ಕಟ್ಟಿದರು. ಪಾತ್ರಗಳ ಹಕ್ಕು ಅವರದೇ, ಕಥೆಯ ತೀರ್ಮಾನ ಅವರದೇ. ಅಚ್ಚು, ಹಂಚಿಕೆ ಡಿ.ಸಿ.ಯದು. ಅಂದರೆ ಕೊನೆಯ ಬಾಗಿಲ ಕೀಲಿ ಇನ್ನೊಬ್ಬರ ಸೊಂಟದಲ್ಲೇ ಇತ್ತು. 1995ರಲ್ಲಿ ‘ಸ್ಟ್ಯಾಟಿಕ್’ 25ನೇ ಸಂಚಿಕೆಗೆ ಆ ಹದಿಹರೆಯದ ನಾಯಕ ಗೆಳತಿಯ ಜತೆ ಸೋಫಾದ ಮೇಲೆ ಸರಸವಾಡುವ ರಕ್ಷಾಪುಟ ಸಿದ್ಧವಾಯಿತು. ಪಕ್ಕದಲ್ಲಿ ಕಾಂಡೋಮ್, ಹುಡುಗರಿಗೆ ಜವಾಬ್ದಾರಿ ಹೇಳುವ ಚಿತ್ರ. ಡಿ.ಸಿ. ಅದನ್ನು ಇಡಿಯಾಗಿ ಹೊರಪುಟದಲ್ಲಿ ಹಾಕಲು ಒಪ್ಪಲಿಲ್ಲ. ಹೊಡೆದಾಟದ ರಕ್ಷಾಪುಟಗಳಿಗೆ ಯಾರ ತಕರಾರೂ ಇರಲಿಲ್ಲ. ಕಪ್ಪು ಹುಡುಗ ಹೊಡೆಯಬಹುದು, ಹೊಡೆಸಿಕೊಳ್ಳಬಹುದು. ಒಲಿಯುವುದಕ್ಕೆ ಮಾತ್ರ ಅಪ್ಪಣೆ ಬೇಕು.

ಚರಿತ್ರೆ ನೇರ ಗೆರೆಯಲ್ಲಿ ಸಾಗುವುದಿಲ್ಲ, ಅದನ್ನೂ ಹೇಳಬೇಕು. 2006ರಲ್ಲಿ ಲ್ಯೂಕ್ ಕೇಜ್ ಎಂಬ ಕಪ್ಪು ನಾಯಕನಿಗೆ ಜೆಸ್ಸಿಕಾ ಜೋನ್ಸ್ ಎಂಬ ಬಿಳಿಯ ನಾಯಕಿಯ ಜತೆ ಮದುವೆಯಾಯಿತು. ಆ ಸಂಸಾರ, ಅವರ ಮಗು, ಹತ್ತು ವರ್ಷ ಮೀರಿ ಗಟ್ಟಿಯಾಗಿ ಉಳಿಯಿತು. ಅದೇ 2006ರಲ್ಲಿ ಬ್ಲ್ಯಾಕ್ ಪ್ಯಾಂಥರ್‌ಗೂ ಎಕ್ಸ್‌ಮೆನ್ ತಂಡದ ಸ್ಟಾರ್ಮ್‌ಗೂ ಅದ್ದೂರಿ ಮದುವೆಯಾಯಿತು. ಕಪ್ಪು ದೊರೆ, ಕಪ್ಪು ರಾಣಿ. 2012ರಲ್ಲಿ ಎರಡು ತಂಡಗಳ ಜಗಳದ ಒಂದು ದೊಡ್ಡ ಕಥಾಮಾಲೆ ಬಂತು. ವಕಾಂಡ ನೀರಿನಲ್ಲಿ ಮುಳುಗಿತು. ಆ ಗಲಾಟೆಯ ನಡುವೆ ದೊರೆ ರಾಣಿಗೆ ನಮ್ಮ ಮದುವೆ ರದ್ದಾಯಿತು ಅಂದುಬಿಟ್ಟ. ಅವರ ಸ್ವಂತ ಪತ್ರಿಕೆಯಲ್ಲಿ ಅಲ್ಲ, ಬೇರೆಯವರ ಜಗಳದ ಕಥೆಯಲ್ಲಿ, ಕೆಲವು ಚೌಕಗಳಲ್ಲಿ. ಪೀಟರ್ ಪಾರ್ಕರ್‌ನ ಮದುವೆ ಮುರಿಯಲು ನಾಲ್ಕು ಸಂಚಿಕೆ ಬೇಕಾಯಿತು, ಸೈತಾನನೇ ಬರಬೇಕಾಯಿತು. ರಾಜ್ಯವನ್ನೇ ಆಳುವ ಜೋಡಿಗೆ ಪೋಷಕ ಪಾತ್ರಗಳ ಮರ್ಯಾದೆಯೂ ಸಿಗಲಿಲ್ಲ.

6

ಇದರಲ್ಲಿ ನಮಗೇನು? ಎರಡು ಸಂಗತಿ ಹೇಳಿ ಮುಗಿಸುತ್ತೇನೆ.

ಬ್ಲ್ಯಾಕ್ ಪ್ಯಾಂಥರ್ ಎಂಬ ಹೆಸರಿಗೆ ಒಂದು ಕಥೆಯಿದೆ. ಕಾಮಿಕ್ಸಿನ ಪಾತ್ರ ಬಂದ 1966ರಲ್ಲೇ, ಕೆಲವು ತಿಂಗಳ ನಂತರ, ಓಕ್‌ಲ್ಯಾಂಡಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿತು. ಅದರ ಚಿಹ್ನೆ ಬಂದದ್ದು ಅಲಬಾಮಾದ ಲೌಂಡ್ಸ್ ಕೌಂಟಿಯ ಕಪ್ಪು ಮತದಾರರ ಸಂಘಟನೆಯಿಂದ. ಪಕ್ಷದ ಹೆಸರು ಬೆಳೆದಂತೆ ಕಂಪೆನಿಗೆ ಇರುಸುಮುರುಸಾಯಿತು. 1972ರ ಫೆಬ್ರವರಿ ತಾರೀಖಿನ ‘ಫೆಂಟಾಸ್ಟಿಕ್ ಫೋರ್’ 119ರಲ್ಲಿ ತಮ್ಮ ನಾಯಕನಿಗೆ ಬ್ಲ್ಯಾಕ್ ಲೆಪರ್ಡ್ ಎಂದು ಹೆಸರು ಬದಲಾಯಿಸಿದರು. ಆ ಸಂಚಿಕೆಯ ಕಥೆ ವರ್ಣಭೇದದ ಒಂದು ದೇಶದ ವಿರುದ್ಧವೇ ಇತ್ತು ಎಂಬುದು ತಮಾಷೆ. ಹೊಸ ಹೆಸರು ಬಹಳ ದಿನ ಬಾಳಲಿಲ್ಲ. ಅದೇ 1972ರಲ್ಲಿ ಮುಂಬಯಿಯ ನಾಮದೇವ ಢಸಾಳ್, ಜೆ.ವಿ. ಪವಾರ್ ಮತ್ತು ಅವರ ಗೆಳೆಯರು ಓಕ್‌ಲ್ಯಾಂಡಿನ ಆ ಪಕ್ಷದಿಂದ ಹೆಸರನ್ನೆತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ನ್ಯೂಯಾರ್ಕಿನ ಮೇಜಿಗೆ ಭಾರವಾದ ಹೆಸರು ಮುಂಬಯಿಯ ಕೊಳೆಗೇರಿಯ ಹುಡುಗರಿಗೆ ಹೊರಬೇಕೆನಿಸಿತು.

ಎರಡನೆಯದು ನಮ್ಮದೇ ಮೇಜು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಆರಂಭಿಸಿ ಫ್ಯಾಂಟಮ್, ಮಾಂಡ್ರೇಕ್ ಕಥೆಗಳನ್ನು ಭಾರತದ ಮಕ್ಕಳಿಗೆ ತಲುಪಿಸಿತು. ಫ್ಯಾಂಟಮ್‌ನ ಕಾಡಿನ ದೇಶದ ಹೆಸರು ಬಂಗಾಳವನ್ನು ನೆನಪಿಸುವಂತಿತ್ತು. ಇಲ್ಲಿ ಅದನ್ನು ಡೆಂಕಾಲಿ ಮಾಡಿದರು. ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು, ಸಿಂಗ ಮಾಡಿದರು. ಇಲ್ಲಿನ ಓದುಗರಿಗೆ ನೋವಾಗಬಾರದಲ್ಲ! ಆದರೆ ಏಳು ಜನಾಂಗಗಳ ರಾಜಕುಮಾರನಾಗಿದ್ದೂ ಮಾಂಡ್ರೇಕನ ಬೆನ್ನ ಹಿಂದೆ ನಿಂತ ಲೋಥಾರ್, ಮುಖವಾಡದ ಬಿಳಿಯನಿಗೆ ತಲೆಬಾಗುವ ಕಾಡಿನ ಜನ ಹಾಗೇ ಉಳಿದರು. ಲೋಥಾರ್‌ನ ಮುರುಕು ಇಂಗ್ಲಿಷು, ಚಿರತೆ ತೊಗಲು ಹೋದದ್ದು 1965ರಲ್ಲಿ ಅಮೆರಿಕದ ಚಿತ್ರಕಾರ ಫ್ರೆಡ್ ಫ್ರೆಡರಿಕ್ಸ್ ಬಂದ ಮೇಲೆ. ಯಾರ ನೋವು ತಿದ್ದುಪಡಿಗೆ ಯೋಗ್ಯ, ಯಾರದು ಅಲ್ಲ ಎಂಬುದನ್ನು ನಮ್ಮ ಮೇಜೂ ತೀರ್ಮಾನಿಸಿತ್ತು.

2011ರಲ್ಲಿ ನವಯಾನ ಪ್ರಕಟಿಸಿದ ‘ಭೀಮಾಯಣ’ದಲ್ಲಿ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಎಂಬ ಗೊಂಡ ಕಲಾವಿದರು ಬಾಬಾಸಾಹೇಬರ ಬದುಕನ್ನು ಬಿಡಿಸುವಾಗ ಚೌಕಗಳೇ ಬೇಡವೆಂದರು. ಜನರನ್ನು ಡಬ್ಬಿಯೊಳಗೆ ತುರುಕುವುದಿಲ್ಲ ಎಂದರು. ಆ ಮೇಜಿನಲ್ಲಿ ಅವರ ಮಾತು ನಡೆಯಿತು, ಪುಸ್ತಕವೇ ಬೇರೆಯಾಯಿತು.

1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ‘ಬೂಸಾ’ ಎಂಬ ಒಂದೇ ಮಾತಾಡಿ ಅಧಿಕಾರ ಕಳೆದುಕೊಂಡರು. ಅವರು ಕೇಳಿದ್ದು ಪಾತ್ರಗಳ ಬಗೆಗಿನ ಪ್ರಶ್ನೆಯಷ್ಟೇ ಆಗಿರಲಿಲ್ಲ, ಇದನ್ನೆಲ್ಲ ಯಾರು ಯಾರಿಗೆ ತಿನ್ನಿಸುತ್ತಿದ್ದಾರೆ ಎಂಬ ಪ್ರಶ್ನೆಯಾಗಿತ್ತು. ದೇವನೂರರ ‘ಕುಸುಮಬಾಲೆ’ಯಲ್ಲಿ ಮೇಲಿನ ಜಾತಿಯ ಕುಸುಮಳನ್ನು ಪ್ರೀತಿಸಿದ ಚನ್ನನ ಕೊಲೆಯಾಗುತ್ತದೆ. ಅದನ್ನು ಬರೆದವರು ನಮ್ಮವರು, ಊರು ಮಾಡುವುದನ್ನು ಇದ್ದಂತೆ ಹೇಳಿದರು. ಆದರೆ ನಮ್ಮ ಸಿನಿಮಾ, ಧಾರಾವಾಹಿ, ಪಠ್ಯಪುಸ್ತಕಗಳಲ್ಲಿ ದಲಿತ ಹುಡುಗನ ಒಲವು ಸಾಯದೆ ಸಂಸಾರವಾಗುವುದನ್ನು ಎಷ್ಟು ಕಡೆ ನೋಡಿದ್ದೀರಿ? ನೋಡದಿದ್ದರೆ, ಬರೆದವರಿಲ್ಲವೋ, ಬರೆದದ್ದು ಮೇಜಿನಲ್ಲೇ ಉಳಿಯಿತೋ?

ಗ್ರೆಲ್, ಮೆಕ್‌ಗ್ರೆಗರ್, ಗೇನ್ಸ್ ಹೇಳಿಟ್ಟದ್ದರಿಂದ ಅಮೆರಿಕದ ಚರಿತ್ರೆ ಬರೆಯಲು ಆಗುತ್ತಿದೆ. ನಮ್ಮಲ್ಲಿ ಇಂಥದ್ದನ್ನು ಬರೆದಿಡುವ ಅಭ್ಯಾಸ ಕಡಿಮೆ. ಅದಕ್ಕೇ ಬರೆಯುವ ಗೆಳೆಯರಿಗೆ, ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ವಾಪಸ್ಸು ಬಂದ ಹಸ್ತಪ್ರತಿಯನ್ನು ಹರಿಯಬೇಡಿ. ಕೆಂಪು ಗೆರೆ ಎಳೆದ ಪುಟವನ್ನು, ಈ ಭಾಗ ಬೇಡ ಎಂದ ಕಾಗದವನ್ನು, ಫೋನಿನಲ್ಲಿ ಹೇಳಿದ ಮಾತನ್ನು ತಾರೀಖು ಹಾಕಿ ಎತ್ತಿಡಿ. ದಲಿತ ವಿಮರ್ಶೆ ಓದಬೇಕಾದ ಪಠ್ಯಗಳಲ್ಲಿ ಅದೂ ಒಂದು.